ಅರಮನೆಯಿಂದ ಒಂಬೈನೂರು ಮೀಟರ್

ಅಕ್ಟೋಬರ್ ಇಪ್ಪತ್ತೆಂಟು, ಮಂಗಳವಾರ, ಬೆಳಿಗ್ಗೆ ಹನ್ನೊಂದು ಇಪ್ಪತ್ತು. ನಿವೃತ್ತ ಮುಖ್ಯೋಪಾಧ್ಯಾಯ ಅನಂತರಾಮಯ್ಯ ಮಗಳು ಸಂಹಿತಾಳ ಜೊತೆ ಚಿಂತಾಮಣಿಯ ಒಂದು ಟ್ರಾವೆಲ್ಸ್ ಆಫೀಸಿಗೆ ಬಂದರು. ಅವರಿಗೆ ಮೈಸೂರಿನಲ್ಲಿ ಎರಡು ದಿನಕ್ಕೆ ಒಂದು ದೊಡ್ಡ ಹೋಟೆಲ್ ಬೇಕಿತ್ತು.

ಆಫೀಸಿನ ಮಾಲೀಕ ರಮೇಶ್‌ಬಾಬು ಮೂರು ವರ್ಷದಿಂದ ಸಂಹಿತಾಳನ್ನು ಪ್ರೀತಿಸುತ್ತಿದ್ದ. ಅದು ಅನಂತರಾಮಯ್ಯನವರಿಗೆ ಗೊತ್ತಿರಲಿಲ್ಲ.

"ಬನ್ನಿ ಸಾರ್, ಕೂತ್ಕೊಳ್ಳಿ," ಎಂದು ರಮೇಶ್‌ಬಾಬು ಎದ್ದು ನಿಂತ. ಆಮೇಲೆ ಅವಳ ಕಡೆ ನೋಡದೆ, "ನೀವೂ ಕೂತ್ಕೊಳ್ಳಿ ಮೇಡಂ," ಎಂದ.

ಮೇಡಂ ಕುಳಿತಳು. ಆ ಕುರ್ಚಿಯ ಎಡಗಡೆಯ ಕೈ ಸಡಿಲವಾಗಿತ್ತು. ಅದು ಅವಳಿಗೆ ಗೊತ್ತಿದ್ದರಿಂದ ಬಲಗಡೆಗೆ ಒರಗಿದಳು. ರಮೇಶ್‌ಬಾಬು ಅದನ್ನು ಕಂಡ. ಅವನ ತುಟಿಯ ತುದಿ ಒಂದು ಕ್ಷಣ ಅಲುಗಿ ಸುಮ್ಮನಾಯಿತು.

"ಹೋಟ್ಲು ಊರ ಮಧ್ಯದಲ್ಲೇ ಇರ್ಬೇಕು," ಎಂದರು ಅನಂತರಾಮಯ್ಯ. "ಮೂಲೇಲಿರೋದು ಬೇಡ. ದುಡ್ಡು ಸ್ವಲ್ಪ ಹೆಚ್ಚಾದ್ರೂ ಪರವಾಗಿಲ್ಲ."

"ಮಧ್ಯ ಅಂದ್ರೆ ಸಾರ್, ಬಸ್ ಸ್ಟ್ಯಾಂಡಿಗೆ ಹತ್ರಾನೋ, ಅರಮನೆಗೆ ಹತ್ರಾನೋ?"

"ಅವರಿಗೆ ಹತ್ರ."

"ಯಾರಿಗೆ ಸಾರ್?"

"ಗಂಡಿನ ಕಡೆಯವರಿಗೆ. ಸರಸ್ವತಿಪುರಂನಲ್ಲಿದಾರೆ. ಭಾನುವಾರ ಸಾಯಂಕಾಲ ಹೋಟ್ಲಿಗೇ ಬಂದು ಹುಡುಗೀನ ನೋಡ್ತಾರೆ."

ಮೌಸ್ ಹಿಡಿದ ಕೈ ನಿಂತಿತು. ಸಂಹಿತಾ ಆ ಕೈಯನ್ನೇ ನೋಡುತ್ತಿದ್ದಳು. ಐದು ಸೆಕೆಂಡು ಇರಬಹುದು. ಕೈ ಮತ್ತೆ ಚಲಿಸಿತು.

"ಮನೇಲೇ ನೋಡಬಹುದಿತ್ತಲ್ಲ ಸಾರ್," ಎಂದ ರಮೇಶ್‌ಬಾಬು, ಪರದೆಯಿಂದ ಕಣ್ಣು ತೆಗೆಯದೆ.

ಅನಂತರಾಮಯ್ಯ ಕನ್ನಡಕ ತೆಗೆದು ಒರೆಸಿದರು. ಮೂವತ್ತೆಂಟು ವರ್ಷ ಪಾಠ ಹೇಳಿದ ಮನುಷ್ಯ ಮಾತಿಗೆ ತಡವರಿಸಿದ್ದು ಕಡಿಮೆ.

ಶಿಡ್ಲಘಟ್ಟದ ಅವರ ಮನೆ ಅವರ ತಂದೆ ಕಟ್ಟಿಸಿದ್ದು. ಅದಾದ ಹದಿನೈದು ವರ್ಷಕ್ಕೆ ಆ ಬೀದಿಯಲ್ಲಿ ಒಂದೊಂದಾಗಿ ರೇಷ್ಮೆ ನೂಲು ಬಿಚ್ಚುವ ಫಿಲೇಚರ್‌ಗಳು ಬಂದವು. ಈಗ ಮನೆಯ ಎರಡೂ ಪಕ್ಕದಲ್ಲಿ ಗೂಡು ಬೇಯುತ್ತದೆ. ಬೆಂದ ಹುಳುವಿನ ವಾಸನೆ ಬೆಳಿಗ್ಗೆ ಆರಕ್ಕೆ ಶುರುವಾಗಿ ಸಂಜೆಯವರೆಗೆ ಇರುತ್ತದೆ. ಮನೆಯವರ ಮೂಗಿಗೆ ಅದು ಬಡಿಯುವುದಿಲ್ಲ. ಹೋದ ವರ್ಷ ತುಮಕೂರಿನಿಂದ ಒಂದು ಗಂಡು, ಈ ವರ್ಷ ಹಾಸನದಿಂದ ಒಂದು ಗಂಡು ಬಂದಿದ್ದರು. ತುಮಕೂರಿನವರು ಉಪ್ಪಿಟ್ಟಿನ ತಟ್ಟೆಯನ್ನು ಮುಟ್ಟಲಿಲ್ಲ. ಹಾಸನದ ಹುಡುಗನ ತಾಯಿ ಸೆರಗನ್ನು ಮೂಗಿಗೆ ಹಿಡಿದವರು ಕಾರು ಹತ್ತುವವರೆಗೆ ತೆಗೆಯಲಿಲ್ಲ. ಎರಡೂ ಕಡೆಯಿಂದ ಜಾತಕ ಕೂಡಲಿಲ್ಲ ಎಂದು ಉತ್ತರ ಬಂತು.

"ಬೀದಿ ಸ್ವಲ್ಪ ಅನುಕೂಲ ಇಲ್ಲ ಕಣಪ್ಪ," ಎಂದರು ಅನಂತರಾಮಯ್ಯ. "ನಾವೇ ಫ್ಯಾಮಿಲಿ ಟ್ರಿಪ್ ಬರ್ತಿದೀವಿ, ಅಲ್ಲೇ ಭೇಟಿ ಆಗಣ ಅಂತ ಹೇಳಿದೀನಿ. ಅದಕ್ಕೇ ಲಾಬಿ ಚೆನ್ನಾಗಿರೋದು ನೋಡು. ನಿನ್ನನ್ನ ನಂಬಬಹುದು ಅಂತ ಇವಳೇ ಹೇಳಿದ್ಲು."

ರಮೇಶ್‌ಬಾಬು ಮೊದಲ ಸಲ ಅವಳನ್ನು ನೇರವಾಗಿ ನೋಡಿದ. ಅವಳು ಕಣ್ಣು ತಗ್ಗಿಸಲಿಲ್ಲ.

"ಮೇಡಂ ವಯಸ್ಸು?"

"ಇಪ್ಪತ್ತೊಂಬತ್ತು. ಹೋದ ತಿಂಗಳು ಹನ್ನೊಂದಕ್ಕೆ ತುಂಬ್ತು," ಎಂದಳು ಅವಳೇ.

ಆ ಹನ್ನೊಂದಕ್ಕೆ ಕನಕಾಂಬರದ ದಂಡೆ ತಂದು, ಇದೇ ಮೇಜಿನ ಮೇಲಿಟ್ಟು, ಮುಡಿದು ತೋರಿಸುವವರೆಗೆ ಬಿಡದೆ ಇದ್ದವನು ಈಗ ಆ ಸಂಖ್ಯೆಯನ್ನು ಟೈಪ್ ಮಾಡಿದ.

"ಊಟ?"

"ವೆಜ್."

"ಈರುಳ್ಳಿ, ಬೆಳ್ಳುಳ್ಳಿ?"

"ಮನೇಲಿ ಇಲ್ಲ. ಹೊರಗೆ ತಿಂತೀನಿ."

ಅನಂತರಾಮಯ್ಯ ತಿರುಗಿ ನೋಡಿದರು. "ತಿಂತೀಯಾ?"

"ಕಾಲೇಜ್ ಕ್ಯಾಂಟೀನಲ್ಲಿ ಅಪ್ಪ. ಅಲ್ಲಿ ಅದಿಲ್ದೆ ಏನೂ ಮಾಡಲ್ಲ."

"ಹೊರಗೆ ತಿಂತಾರೆ," ಎಂದು ರಮೇಶ್‌ಬಾಬು ಮೆಲ್ಲನೆ ಹೇಳಿಕೊಂಡು ಬರೆದ. ಅವನು ನಗು ತಡೆಯುತ್ತಿದ್ದ. ಅವಳಿಗೂ ನಗು ಬಂತು. ಅದಕ್ಕೇ ಅವಳಿಗೆ ಸಿಟ್ಟೂ ಬಂತು.

ಅಂದು ಅವನು ಮೂರು ಹೋಟೆಲುಗಳ ವಿವರ ಕೊಟ್ಟ. ಒಂದು ರಿಂಗ್ ರಸ್ತೆಯಲ್ಲಿತ್ತು, ದೂರ. ಇನ್ನೊಂದರ ಲಾಬಿಯ ಪಕ್ಕದಲ್ಲೇ ಬಾರ್ ಇತ್ತು. ಮೂರನೆಯದು ಶ್ವೇತಛತ್ರ. ಅರಮನೆಯಿಂದ ಒಂಬೈನೂರು ಮೀಟರ್, ಸರಸ್ವತಿಪುರಂನಿಂದ ಆಟೋದಲ್ಲಿ ಹತ್ತು ನಿಮಿಷ. ನವೆಂಬರ್ ಎಂಟರಿಂದ ಹತ್ತರವರೆಗೆ ಎರಡು ರೂಮು. ಆರನೇ ತಾರೀಖು ಗುರುವಾರ ಸಂಜೆ ಆರರೊಳಗೆ ರದ್ದು ಮಾಡಿದರೆ ಪೂರ್ತಿ ಹಣ ವಾಪಸು.

ಈ ಕೊನೆಯ ವಾಕ್ಯವನ್ನು ಅವನು ಎರಡು ಸಲ ಹೇಳಿದ. ಎರಡನೆಯ ಸಲ ಹೇಳಿದ್ದು ತನಗೆ ಎಂದು ಸಂಹಿತಾ ತಿಳಿದುಕೊಂಡಳು.

*

ಸಂಹಿತಾ ಚಿಂತಾಮಣಿಯ ಪಿಯು ಕಾಲೇಜೊಂದರಲ್ಲಿ ಗಣಿತ ಕಲಿಸುತ್ತಿದ್ದಳು. ಮೂರು ವರ್ಷದ ಹಿಂದೆ ಕಾಲೇಜಿನ ಪ್ರವಾಸಕ್ಕೆ ಬಸ್ಸು ಕೊಟ್ಟವನು ರಮೇಶ್‌ಬಾಬು. ಅಂಬಾಜಿದುರ್ಗದ ಬಳಿಯ ಹಳ್ಳಿಯವನು. ತಂದೆ ವೆಂಕಟರಾಮಪ್ಪನವರಿಗೆ ಆರು ಎಕರೆ ಹಿಪ್ಪುನೇರಳೆ. ಅವರ ಗೂಡು ಬರುವುದು ಶಿಡ್ಲಘಟ್ಟದ ಮಾರುಕಟ್ಟೆಗೆ, ಅಲ್ಲಿಂದ ಹೋಗುವುದು ಅವಳ ಬೀದಿಗೆ.

"ನಿಮ್ಮ ಬೀದಿ ವಾಸನೆ ಅಂದ್ರೆ ನನಗೆ ಅಪ್ಪನ ಜೇಬಲ್ಲಿ ದುಡ್ಡಿದೆ, ಇವತ್ತು ಮಸಾಲೆ ದೋಸೆ ಕೊಡಿಸ್ತಾನೆ ಅಂತ ಅರ್ಥ," ಎಂದು ಅವನು ಪರಿಚಯವಾದ ಹೊಸದರಲ್ಲಿ ಹೇಳಿದ್ದ. ಅವತ್ತೇ ಅವಳು ಅವನನ್ನು ಒಪ್ಪಿದ್ದಳು. ಆ ವಾಸನೆಯ ಬಗ್ಗೆ ಯಾರೂ ಅವಳಿಗೆ ಅಷ್ಟು ಚೆಂದದ ಮಾತು ಹೇಳಿರಲಿಲ್ಲ.

ಆದರೆ ಆ ಬೀದಿಯಲ್ಲಿ ಅವಳ ಮನೆಯ ಗೇಟನ್ನು ಅವನು ಒಮ್ಮೆಯೂ ದಾಟಿರಲಿಲ್ಲ. ಕಾರಣ ಅವನ ತಂಗಿ ಕವಿತ. ಅಣ್ಣ ಬೇರೆ ಜಾತಿಯ ಹುಡುಗಿಯನ್ನು ಕೇಳಿದ ಎಂದು ಗೊತ್ತಾದರೆ ತಂಗಿಗೆ ಬರುವ ಸಂಬಂಧ ನಿಲ್ಲುತ್ತದೆ. ಕವಿತಳ ಮದುವೆ ಆಗಲಿ, ಮಾರನೇ ದಿನವೇ ನಿಮ್ಮಪ್ಪನ ಹತ್ತಿರ ಬರುತ್ತೇನೆ ಎಂದು ಅವನು ಹೇಳಿದ್ದ. ಮೊದಲ ವರ್ಷ ಹೇಳಿದ. ಎರಡನೇ ವರ್ಷವೂ ಹೇಳಿದ.

ಮಂಗಳವಾರವೇ ಸಂಜೆ ಕಾಲೇಜು ಮುಗಿಸಿ ಅವಳು ಮತ್ತೆ ಆಫೀಸಿಗೆ ಹೋದಳು.

"ಮೊದಲೇ ಹೇಳಬಹುದಿತ್ತಲ್ಲೇ," ಎಂದ ಅವನು.

"ಹೇಳಿದ್ರೆ ಏನಂತಿದ್ದೆ? ಇನ್ನೊಂದು ತಿಂಗಳು ತಡಿ ಅಂತಿದ್ದೆ. ಅಪ್ಪನ ಬಾಯಿಂದಾನೇ ಕೇಳಲಿ ಅಂತ ಕರ್ಕೊಂಡು ಬಂದೆ."

"ಕೇಳಿದೆ."

"ಕೇಳಿ ಟೈಪ್ ಮಾಡ್ದೆ."

ಹೊರಗೆ ಮದನಪಲ್ಲಿಯ ಬಸ್ಸು ಹಾರ್ನ್ ಹೊಡೆಯುತ್ತ ಹೋಯಿತು.

"ಗುರುವಾರ ಆರು ಗಂಟೆವರೆಗೂ ಟೈಮಿದೆ," ಎಂದಳು. "ಅಷ್ಟರೊಳಗೆ ಮನೆಗೆ ಬಂದು ಅಪ್ಪನ ಹತ್ರ ಮಾತಾಡು. ಅವರು ಬೈತಾರೆ, ಅಮ್ಮ ಅಳ್ತಾಳೆ. ಅದು ನನಗಿರ್ಲಿ. ನೀನು ಬಂದು ಕೂತು ನಾಲ್ಕು ಮಾತು ಹೇಳು. ಸಾಕು."

"ಕವಿತನ್ನ ಕೋಲಾರದೋರು ನೋಡ್ಕೊಂಡು ಹೋಗಿದಾರೆ ಸಂಹಿ. ಹತ್ತು ದಿನದಲ್ಲಿ ಹೇಳ್ತೀವಿ ಅಂದಿದಾರೆ."

"ನನಗೆ ಒಂಬತ್ತು ದಿನ ಇದೆ."

"ಒಂದು ದಿನ ಹೆಚ್ಚುಕಡಿಮೆ..."

"ನಾನು ಗಣಿತದ ಮೇಡಂ ಕಣೋ. ಒಂಬತ್ತು ಅಂದ್ರೆ ಒಂಬತ್ತೇ."

ಅವನು ನಕ್ಕ. ನಗುವಾಗ ಅವನ ಕಣ್ಣಿನ ಪಕ್ಕದಲ್ಲಿ ಮೂರು ಗೆರೆ ಮೂಡುತ್ತಿದ್ದವು. ಬೇರೆ ದಿನವಾಗಿದ್ದರೆ ಅವಳು ಬೆರಳಿಟ್ಟು ಎಣಿಸುತ್ತಿದ್ದಳು.

*

ಮುಂದಿನ ಮಂಗಳವಾರ, ನಾಲ್ಕನೇ ತಾರೀಖು, ಅವನು ಅವಳನ್ನು ಬಸ್ ಸ್ಟ್ಯಾಂಡಿನ ಎದುರಿನ ಬೇಕರಿಗೆ ಕರೆದ. ಎರಡು ಎಗ್ ಪಫ್ ಹೇಳಿದ; ಅವಳು ಹೊರಗೆ ಮೊಟ್ಟೆ ತಿನ್ನುವುದೂ ಅಪ್ಪನಿಗೆ ಗೊತ್ತಿರಲಿಲ್ಲ. ಜೇಬಿನಿಂದ ಒಂದು ಕಾಗದ ತೆಗೆದು ಮೇಜಿನ ಮೇಲೆ ಹರಡಿದ.

ಅದು ಶ್ವೇತಛತ್ರದ ಲಾಬಿಯ ನಕ್ಷೆ. ಅವನೇ ಪೆನ್ಸಿಲಿನಲ್ಲಿ ಬರೆದದ್ದು. ಬಾಗಿಲು, ಮೆಟ್ಟಿಲು, ಕಂಬಗಳು, ಸೋಫಾಗಳು ಎಲ್ಲ ಅಳತೆಯಲ್ಲಿದ್ದವು. ಭಾನುವಾರ ಗಿರಾಕಿಗಳನ್ನು ಮೈಸೂರಿಗೆ ಬಿಡಲು ಹೋದಾಗ ಖುದ್ದಾಗಿ ನೋಡಿ ಬಂದಿದ್ದನಂತೆ.

"ಮ್ಯಾನೇಜರ್ ಹತ್ರ ಮಾತಾಡಿದೀನಿ. ಈ ಮೂಲೆ ನಾಲ್ಕರಿಂದ ಆರರವರೆಗೂ ನಿಮಗೇ. ಅಲ್ಲಿ ಪಿಯಾನೋ ಬಾರಿಸ್ತಾರೆ, ನಿಮ್ಮಪ್ಪಂಗೆ ಕಿವಿ ಮಂದ ಅಲ್ವಾ, ಅದನ್ನ ಆರರವರೆಗೆ ಬೇಡ ಅಂದೆ. ಕಾಫಿ ಫಿಲ್ಟರ್‌ದೇ. ಅಮ್ಮಂಗೆ ಮಂಡಿ ನೋವು ಅಂತ ರೂಮು ಲಿಫ್ಟಿನ ಪಕ್ಕದಲ್ಲೇ ಹೇಳಿದೀನಿ."

ಅವಳು ಪಫ್ಫಿನ ಪದರಗಳನ್ನು ಒಂದೊಂದಾಗಿ ಬಿಡಿಸುತ್ತ ಕೇಳುತ್ತಿದ್ದಳು.

"ಇಲ್ಲಿ ನೋಡು," ಎಂದು ಅವನು ಒಂದು ಸೋಫಾದ ಮೇಲೆ ಗುಂಡಗೆ ಗೆರೆ ಎಳೆದ. "ನೀನು ಇದರಲ್ಲಿ ಕೂತ್ಕೋ. ಕಿಟಕಿ ಈ ಕಡೆ. ಸಾಯಂಕಾಲದ ಬೆಳಕು ಎಡಗಡೆಯಿಂದ ಬೀಳುತ್ತೆ. ಎಡಗಡೆಯಿಂದ ಬೆಳಕು ಬಿದ್ರೆ ನೀನು..."

ಅವನು ಅಲ್ಲಿಗೆ ನಿಲ್ಲಿಸಿದ.

"ನಾನು?"

"ಚೆನ್ನಾಗಿ ಕಾಣ್ತೀಯ."

ಎಡಗೆನ್ನೆಯ ಮೇಲೆ, ಕಿವಿಗೆ ಹತ್ತಿರ, ಅವಳಿಗೊಂದು ಸಣ್ಣ ಮಚ್ಚೆ ಇತ್ತು. ಬೆಳಕು ಆ ಕಡೆಯಿಂದ ಬಂದಾಗ ಅದರ ಸುತ್ತಲಿನ ಕೂದಲು ಹೊಂಬಣ್ಣಕ್ಕೆ ತಿರುಗುತ್ತಿತ್ತು. ಅವಳು ತನ್ನನ್ನು ತಾನು ಹಾಗೆ ಕಂಡವಳಲ್ಲ. ಕಂಡವನು ಅವನು. ಬಸ್ಸಿನಲ್ಲಿ ಯಾವಾಗಲೂ ಅವಳನ್ನು ಎಡ ಕಿಟಕಿಗೆ ಕೂರಿಸುತ್ತಿದ್ದುದು ಯಾಕೆಂದು ಅವಳಿಗೆ ಈಗ ಗೊತ್ತಾಯಿತು.

"ಯಾರಿಗೆ ಚೆನ್ನಾಗಿ ಕಾಣ್ಬೇಕು ರಮೇಶ್?"

"ಕೇಳು ನನ್ ಮಾತು. ಎರಡು ಸಂಬಂಧ ಬಿಟ್ಟುಹೋಗಿದೆ. ಇದೂ ಹೋಗುತ್ತೆ. ಮೊದಲನೇ ಸಲ ನೋಡಿದ ತಕ್ಷಣ ಯಾರೂ ಒಪ್ಪಲ್ಲ, ಈ ಮೈಸೂರೋರಂತೂ ಆರು ತಿಂಗಳು ಎಳೀತಾರೆ. ಆದರೆ ನಿಮ್ಮಪ್ಪ ವಾಪಸ್ ಬರೋವಾಗ ಏನಂತಾರೆ? ಈ ರಮೇಶ್‌ಬಾಬು ಎಷ್ಟು ಅಚ್ಚುಕಟ್ಟಾಗಿ ಮಾಡಿಕೊಟ್ಟ ಅಂತಾರೆ. ಆಗ ನಾನು ಬಂದು ಕೂತ್ರೆ ಅವರು ಎದ್ದು ಹೋಗು ಅನ್ನಲ್ಲ. ಅಷ್ಟೊತ್ತಿಗೆ ಕವಿತಂದೂ ಆಗಿರುತ್ತೆ."

ಅವನ ಮುಖದಲ್ಲಿ ಕಪಟವಿರಲಿಲ್ಲ. ಲೆಕ್ಕಾಚಾರ ಸರಿ ಎಂದು ಅವನು ನಿಜವಾಗಿ ನಂಬಿದ್ದ. ಗಿರಾಕಿ ಸಂತೋಷವಾಗಿ ಮನೆಗೆ ಮುಟ್ಟಿದರೆ ಮುಂದಿನದೆಲ್ಲ ತಾನಾಗಿ ಆಗುತ್ತದೆ ಎಂಬುದು ಅವನು ಹನ್ನೊಂದು ವರ್ಷದ ವ್ಯಾಪಾರದಲ್ಲಿ ಕಲಿತ ಪಾಠ.

"ಅವರು ಒಪ್ಪಿದ್ರೆ?" ಎಂದಳು.

"ಒಪ್ಪಲ್ಲ ಕಣೇ."

"ಇಷ್ಟು ಚೆನ್ನಾಗಿ ಕೂರಿಸ್ತಿದೀಯ. ಯಾಕೆ ಒಪ್ಪಲ್ಲ?"

ಅವನ ಫೋನು ಬಡಿಯಿತು. ತಾಯಿ ಅಮ್ಮಾಜಮ್ಮ. "ವಸ್ತಾನಮ್ಮಾ, ವಸ್ತಾನು," ಎಂದು ಬರುವುದಾಗಿ ತೆಲುಗಿನಲ್ಲಿ ಹೇಳಿ ಎದ್ದ. ನಕ್ಷೆಯನ್ನು ಮಡಿಸಿ ಅವಳ ಕೈಗೆ ಕೊಟ್ಟ.

*

ಗುರುವಾರ ಸಂಜೆ ಸಂಹಿತಾ ನಾಲ್ಕೂವರೆಗೆ ಮನೆಗೆ ಬಂದಳು. ಮುಖ ತೊಳೆದು ನೀಲಿ ಚೂಡಿದಾರ ಹಾಕಿಕೊಂಡು ಹಜಾರದಲ್ಲಿ ಕುಳಿತಳು. ತಾಯಿ ಅಲಮೇಲು ಮೈಸೂರಿಗೆ ಒಯ್ಯುವ ಸೀರೆಗಳನ್ನು ಮಂಚದ ಮೇಲೆ ಹರಡಿ, ವಾಸನೆ ಹಿಡಿದಿದೆಯೇ ಎಂದು ಒಂದೊಂದನ್ನೇ ಮೂಸುತ್ತಿದ್ದರು.

"ಇದು ನೋಡೇ, ನನಗೆ ಗೊತ್ತಾಗ್ತಿಲ್ಲ."

"ನನಗೂ ಗೊತ್ತಾಗಲ್ಲಮ್ಮ."

ಐದೂ ನಲವತ್ತಕ್ಕೆ ಗೇಟಿನ ಹತ್ತಿರ ಬೈಕೊಂದು ನಿಂತಿತು. ಅವಳು ಎದ್ದು ನಿಂತಳು. ಪಕ್ಕದ ಫಿಲೇಚರ್‌ನ ಕೋನಪ್ಪ ಯಾರನ್ನೋ ಇಳಿಸಿ ಮುಂದೆ ಹೋದ.

ಐದೂ ಐವತ್ತೆರಡಕ್ಕೆ ಅನಂತರಾಮಯ್ಯನವರ ಫೋನು ಬಡಿಯಿತು. ಕಿವಿ ಮಂದವಾದ್ದರಿಂದ ಅವರು ಯಾವಾಗಲೂ ಸ್ಪೀಕರ್ ಹಾಕುತ್ತಿದ್ದರು.

"ಸಾರ್, ರಮೇಶ್‌ಬಾಬು. ಇನ್ನು ಎಂಟು ನಿಮಿಷ ಇದೆ ಸಾರ್, ಕ್ಯಾನ್ಸಲ್ ಮಾಡೋದಿದ್ರೆ. ಆಮೇಲೆ ದುಡ್ಡು ವಾಪಸ್ ಬರಲ್ಲ. ಒಂದು ಮಾತು ಹೇಳಿಬಿಡೋಣ ಅಂತ."

"ಒಳ್ಳೇದಪ್ಪ. ಕ್ಯಾನ್ಸಲ್ ಏನಿಲ್ಲ. ಹೊರಡೋದೇ."

ಅವನ ಉಸಿರು ಹಜಾರದಲ್ಲಿ ಕೇಳಿಸಿತು. ಸಂಹಿತಾ ಫೋನಿನಿಂದ ನಾಲ್ಕು ಅಡಿ ದೂರದಲ್ಲಿ ನಿಂತಿದ್ದಳು. ಈಗ ಹೇಳು ಎಂದು ಅವಳು ಮನಸ್ಸಿನಲ್ಲಿ ಮೂರು ಸಲ ಅಂದುಕೊಂಡಳು.

"ಸಾರ್..."

"ಹೇಳಪ್ಪ."

"ಆಧಾರ್ ಕಾರ್ಡು ಒರಿಜಿನಲ್ಲೇ ತಗೊಂಡು ಹೋಗಿ ಸಾರ್. ಜೆರಾಕ್ಸ್ ಒಪ್ಪಲ್ಲ."

"ಆಯ್ತಪ್ಪ," ಎಂದು ಅನಂತರಾಮಯ್ಯ ಫೋನಿಟ್ಟರು. "ಎಂಥ ಜವಾಬ್ದಾರಿ ನೋಡು ಹುಡುಗನಿಗೆ."

ಸಂಹಿತಾ ಒಳಗೆ ಹೋಗಿ ತಾಯಿಯ ಜೊತೆ ಸೀರೆ ಮಡಿಸಿದಳು.

*

ನವೆಂಬರ್ ಒಂಬತ್ತು, ಭಾನುವಾರ, ನಾಲ್ಕೂ ಹತ್ತಕ್ಕೆ ಗಣೇಶ್ ಪ್ರಸಾದ್ ತಂದೆ ತಾಯಿಯೊಂದಿಗೆ ಶ್ವೇತಛತ್ರಕ್ಕೆ ಬಂದ. ಮೂವತ್ತಮೂರು ವರ್ಷ, ವಿದ್ಯುತ್ ಕಂಪನಿಯಲ್ಲಿ ಸಹಾಯಕ ಎಂಜಿನಿಯರ್. ತಲೆಗೂದಲು ಮುಂದೆ ಸ್ವಲ್ಪ ಹಿಂದೆ ಸರಿದಿತ್ತು. ಲಾಬಿಯಲ್ಲಿ ಯಾರೂ ಪಿಯಾನೋ ಬಾರಿಸುತ್ತಿರಲಿಲ್ಲ. ಫಿಲ್ಟರ್ ಕಾಫಿ ಬಂತು. ಎಲ್ಲವೂ ಬೇಕರಿಯಲ್ಲಿ ಕೇಳಿದ ಹಾಗೆಯೇ ನಡೆಯಿತು.

ಸಂಹಿತಾ ಬೇಕೆಂದೇ ಬೇರೆ ಸೋಫಾದಲ್ಲಿ ಕುಳಿತಿದ್ದಳು. ಅಲ್ಲಿ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು.

"ಈ ಕಡೆ ಬನ್ನಿ, ಅಲ್ಲಿ ಬಿಸಿಲು," ಎಂದು ಗಣೇಶ್ ಪ್ರಸಾದನ ತಾಯಿ ಅವಳ ಕೈ ಹಿಡಿದು ಮೂಲೆಯ ಸೋಫಾಕ್ಕೆ ಕರೆತಂದು ಕೂರಿಸಿದರು. ಬೆಳಕು ಎಡಗಡೆಯಿಂದ ಬಿತ್ತು. ಎದುರಿಗಿದ್ದವನು ಕಪ್ಪನ್ನು ಬಾಯಿಗೆ ಒಯ್ಯುತ್ತ ಅರ್ಧಕ್ಕೆ ನಿಲ್ಲಿಸಿ ಅವಳನ್ನು ನೋಡಿದ. ಆ ನೋಟಕ್ಕೆ ಯಾರು ಹೊಣೆ ಎಂದು ಆ ಲಾಬಿಯಲ್ಲಿ ಅವಳೊಬ್ಬಳಿಗೆ ಗೊತ್ತಿತ್ತು.

ಇಬ್ಬರೇ ಹತ್ತು ನಿಮಿಷ ಮಾತಾಡಿ ಎಂದು ಹಿರಿಯರು ಅವರನ್ನು ತೋಟಕ್ಕೆ ಕಳಿಸಿದರು.

"ಟ್ರಿಪ್ಪಿಗೆ ಅಂತ ಬಂದಿರೋ ಹಾಗೆ ಕಾಣಲ್ಲ ನೀವು," ಎಂದ ಗಣೇಶ್ ಪ್ರಸಾದ್. "ನಿಮ್ಮಮ್ಮ ಅರಮನೆ ನೋಡಿದ್ರಾ ಅಂದ್ರೆ, ಯಾವ ಅರಮನೆ ಅಂದ್ರು."

ಅವಳಿಗೆ ಸುಳ್ಳು ಹೇಳುವ ಉತ್ಸಾಹ ಉಳಿದಿರಲಿಲ್ಲ. ಬೀದಿಯ ವಾಸನೆ, ತುಮಕೂರಿನ ಉಪ್ಪಿಟ್ಟು, ಹಾಸನದ ಸೆರಗು, ಎಲ್ಲ ಹೇಳಿದಳು.

"ಸರಿ. ಬೇರೆ ಯಾರಾದ್ರೂ ಇದಾರಾ? ಇದ್ರೆ ಹೇಳಿ. ನಾನೇ ಬೇಡ ಅಂದೆ ಅಂತ ಮನೇಲಿ ಹೇಳ್ತೀನಿ."

"ಇದಾರೆ. ಮೂರು ವರ್ಷ. ಅಪ್ಪನ ಹತ್ರ ಬಂದು ಮಾತಾಡ್ತೀನಿ ಅಂತಿದ್ರು."

"ಮಾತಾಡಿದ್ರಾ?"

"ಈ ಹೋಟ್ಲು ಬುಕ್ ಮಾಡಿಕೊಟ್ರು."

ಗಣೇಶ್ ಪ್ರಸಾದ್ ನಗಲು ಬಾಯಿ ತೆರೆದು, ಅವಳ ಮುಖ ನೋಡಿ ಮುಚ್ಚಿದ. ಇಬ್ಬರೂ ತೋಟದ ಇನ್ನೊಂದು ತುದಿಯವರೆಗೆ ನಡೆದರು.

"ಮುಂದಿನ ಭಾನುವಾರ ನಾನು ನಿಮ್ಮನೆಗೆ ಬರ್ತೀನಿ," ಎಂದ. "ಅಷ್ಟರೊಳಗೆ ಅವರು ಬಂದ್ರೆ ಒಂದು ಮೆಸೇಜ್ ಹಾಕಿ. ನಾನು ಬರಲ್ಲ, ಏನೂ ಅಂದ್ಕೊಳ್ಳೋದೂ ಇಲ್ಲ."

ಆ ವಾರ ಅವಳು ಎರಡು ಸಲ ರಮೇಶ್‌ಬಾಬುವಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿ, "ಭಾನುವಾರದೊಳಗೆ ಬಾ," ಎಂದಳು. ಎರಡು ಸಲವೂ ಅವನು ಕೋಲಾರದವರ ಉತ್ತರಕ್ಕೆ ಕಾಯುತ್ತಿದ್ದ. ಹದಿನಾರಕ್ಕೆ ಗಣೇಶ್ ಪ್ರಸಾದ್ ಒಬ್ಬನೇ ಬಂದ. ಬೀದಿಯ ತುದಿಯಲ್ಲಿ ಕಾರು ನಿಲ್ಲಿಸಿ ನಡೆದು ಬಂದ. ಅಲಮೇಲು ಹಜಾರದಲ್ಲಿ ಊದುಬತ್ತಿಯ ಕಟ್ಟನ್ನೇ ಹಚ್ಚಿಟ್ಟಿದ್ದರು.

"ಅಮ್ಮಾ, ಊದುಬತ್ತಿ ಆರಿಸಿಬಿಡಿ," ಎಂದ ಅವನು. "ಎರಡೂ ಸೇರಿದ್ರೆ ತಲೆ ಸುತ್ತುತ್ತೆ. ಬೀದಿದು ಒಂದೇ ಆದ್ರೆ ತಡ್ಕೋಬಹುದು."

ಅನಂತರಾಮಯ್ಯ ಒಂದು ಕ್ಷಣ ದಿಗಿಲುಬಿದ್ದರು. ಆಮೇಲೆ ನಗತೊಡಗಿದರು. ಅವರು ಹಾಗೆ ನಕ್ಕು ಎರಡು ವರ್ಷವಾಗಿತ್ತು. ಗಣೇಶ್ ಪ್ರಸಾದನಿಗೆ ವಾಸನೆ ಹಿಡಿಸಿರಲಿಲ್ಲ. ಕಣ್ಣಲ್ಲಿ ನೀರು ಬರುತ್ತಿತ್ತು. ಆದರೂ ಎರಡು ಗಂಟೆ ಕುಳಿತು ಊಟ ಮಾಡಿದ. ಹೊರಡುವಾಗ ಅವಳ ಕಡೆ ನೋಡಿದ. ಅವಳು ಹೂಂ ಎಂದಳು.

*

ಹದಿನೇಳು, ಸೋಮವಾರ, ಒಂದೂವರೆಗೆ ಅವಳು ರಮೇಶ್‌ಬಾಬುವಿನ ಆಫೀಸಿಗೆ ಹೋದಳು. ಅವನ ಮುಖ ಅರಳಿತ್ತು.

"ಕೋಲಾರದೋರು ಹೂಂ ಅಂದ್ರು ಕಣೇ. ಬೆಳಿಗ್ಗೆ ಫೋನ್ ಬಂತು. ಡಿಸೆಂಬರ್ ಮೊದಲನೇ ವಾರ ಮದುವೆ. ಈ ಭಾನುವಾರಾನೇ ನಿಮ್ಮನೆಗೆ ಬರ್ತೀನಿ. ಅಪ್ಪನ ಹತ್ರ ಏನು ಮಾತಾಡ್ಬೇಕು ಅಂತ ಬರ್ಕೊಂಡಿದೀನಿ ನೋಡು."

"ಈ ಭಾನುವಾರ ನಿಶ್ಚಿತಾರ್ಥ ರಮೇಶ್."

"ಯಾರದು?"

ಅವಳು ಅವನ ಕೈಯಲ್ಲಿದ್ದ ಕಾಗದವನ್ನು ನೋಡಿದಳು. ಅವನು ನಿಧಾನವಾಗಿ ಕುಳಿತ.

"ನೀನು ಬೇಡ ಅನ್ಬಹುದಿತ್ತು," ಎಂದ.

"ಅನ್ಬಹುದಿತ್ತು. ನೀನೂ ಬೇಡ ಅನ್ಬಹುದಿತ್ತು. ಎಂಟು ನಿಮಿಷ ಇತ್ತು ನಿನಗೆ."

"ಅವನು ನಿಂಗೆ ಇಷ್ಟಾನಾ?"

"ಗೊತ್ತಿಲ್ಲ. ಗೇಟು ದಾಟಿ ಒಳಗೆ ಬಂದ. ಇನ್ನೂ ಅಷ್ಟೇ ಗೊತ್ತು ಅವನ ವಿಷಯ."

"ನಿಂಗೆ ನಾನು..."

"ನಿನ್ನಷ್ಟು ನನ್ನನ್ನ ಯಾರೂ ನೋಡಿಲ್ಲ," ಎಂದಳು ಅವಳು. "ಅದು ಸುಳ್ಳಲ್ಲ. ಆದ್ರೆ ನೋಡಿದ್ದೆಲ್ಲಾನೂ ನೀನೇ ಇನ್ನೊಬ್ಬರಿಗೆ ಬರೆದುಕೊಟ್ಟೆ."

ಅವನು ಕಾಗದವನ್ನು ಮಡಿಸಿ ಡ್ರಾಯರಿಗೆ ಹಾಕಿದ. ಅದರಲ್ಲಿ ಏನು ಬರೆದಿತ್ತು ಎಂದು ಅವಳು ಕೇಳಲಿಲ್ಲ. ಎರಡು ಗಂಟೆಗೆ ಅವಳಿಗೆ ದ್ವಿತೀಯ ಪಿಯು ತರಗತಿ ಇತ್ತು.

ಸಂಜೆ ಐದು ಗಂಟೆಗೆ ಅನಂತರಾಮಯ್ಯ ರಮೇಶ್‌ಬಾಬುವಿಗೆ ಫೋನ್ ಮಾಡಿದರು. ನಿಶ್ಚಿತಾರ್ಥಕ್ಕೆ ಗಂಡಿನ ಕಡೆಯಿಂದ ಇಪ್ಪತ್ತೊಂದು ಜನ ಬರುತ್ತಾರೆ, ಚಿಕ್ಕಬಳ್ಳಾಪುರದಲ್ಲಿ ಒಳ್ಳೆಯ ಹೋಟೆಲಿನಲ್ಲಿ ಏಳು ರೂಮು ಬೇಕು ಎಂದರು. ಐದೂ ಕಾಲಿಗೆ ರೂಮುಗಳು ಬುಕ್ ಆದವು.